ದ್ರಾಕ್ಷಾಯಣಿಯ ವೈ

"ಬಾರೇ ಶ್ಯಾಮಲಾ, ನನ್ನ ವೈ ನೋಡು ಬಾ!"

ಮೈಸೂರಿನಿಂದ ಬಂದಿದ್ದ ಸಂಶೋಧಕಿ ದ್ರಾಕ್ಷಾಯಣಿ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. ಏಪ್ರಿಲ್ ರಜೆ, ಅರಸೀಕೆರೆ ಕಾಲೇಜಿನ ಲ್ಯಾಬಿನಲ್ಲಿ ಅವರಿಬ್ಬರೇ. ಅಲ್ಲಿ ಜೀವಶಾಸ್ತ್ರ ಪಾಠ ಮಾಡುವ ಶ್ಯಾಮಲಾ ಬಗ್ಗಿ ನೋಡಿದಳು. ಹಣ್ಣಿನ ನೊಣದ ಮರಿಯ ಮಿದುಳಿಗೆ ಬಣ್ಣ ಹಾಕಿ ಗಾಜಿನ ಮೇಲೆ ಒತ್ತಿದ ಸ್ಲೈಡು. ಗಂಡಿಗೆ ಮಾತ್ರ ಇರುವ ವೈ ವರ್ಣತಂತು ಅಳತೆ ಮೀರಿ ಉದ್ದವಾಗಿತ್ತು. ಬೇರೊಂದು ವರ್ಣತಂತುವಿನ ತುಂಡು ಬಂದು ಅದಕ್ಕೆ ಅಂಟಿಕೊಂಡಿತ್ತು. ಅಪ್ಪನಿಂದ ಮಗನಿಗಷ್ಟೇ ಇಳಿಯುವ ಈ ವೈ ಯುಗಗಳಲ್ಲಿ ಎಲ್ಲಿ ಬೆಳೆಯಿತು, ಎಲ್ಲಿ ಸವೆಯಿತು ಎಂದು ತಿಳಿಯಬೇಕಾದರೆ ಇಂಥದೊಂದು ಸಿಗಬೇಕು. ಮೈಸೂರು ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಹುಡುಕಿದ್ದು ಇದನ್ನೇ.

ನನ್ನ ವೈ ಅಂತೆ! ಶ್ಯಾಮಲಾಗೆ ಮೈಯೆಲ್ಲ ಉರಿಯಿತು. ಈ ವಿಷಯವನ್ನು ಮೊದಲು ಸಂಶೋಧನೆಗೆ ಹಿಡಿದವಳು ಶ್ಯಾಮಲಾ. ಮದುವೆಯಾಗಿ, ಓದು ಬಿಟ್ಟು, ಅರಸೀಕೆರೆ ಹತ್ತಿರದ ಗಂಡಸಿ ಊರಿಗೆ ಬಂದದ್ದೇ ತಡ, ಗೈಡು ಅದನ್ನೆತ್ತಿ ದ್ರಾಕ್ಷಾಯಣಿಯ ಮಡಿಲಿಗೆ ಹಾಕಿದ್ದರು. ಸಾಲದ್ದಕ್ಕೆ ಈ ನೊಣ ಸಿಕ್ಕಿದ್ದೂ ಶ್ಯಾಮಲಾಳ ಮನೆಯ ತೋಟದಲ್ಲಿ. ಬಾಳೆಹಣ್ಣು ಹಿಸುಕಿ ಬಾಟಲಿಗೆ ತುಂಬಿ ತೆಂಗಿನ ಮರಕ್ಕೆ ಕಟ್ಟಿದವಳೂ ಅವಳೇ. ಅತ್ತೆ ಕೆಂಪಲಕ್ಷ್ಮಮ್ಮ ಆಗ ಬಿದ್ದೂ ಬಿದ್ದೂ ನಕ್ಕಿದ್ದರು. "ನೊಣ ಹಿಡಿಯಾಕೆ ಮೈಸೂರಿಂದ ಬರ್ಬೇಕೇನವ್ವಾ? ನಮ್ಮ ಕೊಟ್ಟಿಗೇಲೇ ರಾಶಿ ಐತಲ್ಲ!"

ತೋಟದಲ್ಲಿ ಸಿಕ್ಕ ಆ ಗಂಡು ಸತ್ತುಹೋಗಿತ್ತು. ಅದರ ಮರಿಗಳಲ್ಲಿ ಬಹುಪಾಲು ಸ್ಲೈಡಿಗೆ ಹೋಗಿ, ಕೆಲವು ಗಂಡುಮಕ್ಕಳಷ್ಟೇ ಉಳಿದಿದ್ದವು. ದ್ರಾಕ್ಷಾಯಣಿ ಅವನ್ನು ಬಾಟಲಿಯೊಂದರಲ್ಲಿ ಬೇರೆ ಮಾಡಿ, ಹತ್ತಿ ಮುಚ್ಚಿ, ಗೆಳತಿಯ ಕೈಗಿಟ್ಟಳು.

"ಬೇಲೂರು, ಹಳೇಬೀಡು ಕಡೆ ಇನ್ನಷ್ಟು ನೊಣ ಹಿಡ್ಕೊಂಡು ಬರ್ತೀನಿ. ಅಲ್ಲೀವರೆಗೂ ತಣ್ಣಗಿರೋ ಕಡೆ ಇಟ್ಟಿರು. ಇವನ್ನ ಮೈಸೂರಲ್ಲಿ ಹೆಣ್ಣುಗಳ ಜೊತೆ ಬಿಟ್ಟು ಸಂತಾನ ಬೆಳೆಸ್ಬೇಕು. ನನ್ನ ಥೀಸಿಸ್ ಇದರೊಳಗಿದೆ ಕಣೇ. ಬಿಸಿ ತಾಗಿದ್ರೆ ಏನಾಗುತ್ತೆ ಅಂತ ನಿನಗೆ ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಸ್ವಲ್ಪ ಹೆಚ್ಚು ಬಿಸಿ ತಾಗಿದರೆ ಗಂಡು ನೊಣ ಸಾಯುವುದಿಲ್ಲ, ಹಾರಾಡಿಕೊಂಡು ಚೆನ್ನಾಗಿಯೇ ಇರುತ್ತದೆ. ಮರಿ ಮಾತ್ರ ಆಗುವುದಿಲ್ಲ.

ಬಾಟಲಿ ಎರಡು ದಿನ ಅಡುಗೆಮನೆಯ ನೀರಿನ ಗಡಿಗೆಯ ಪಕ್ಕದಲ್ಲೇ ಇತ್ತು. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತ ಗುರುಮೂರ್ತಿ ಅದನ್ನು ನೋಡಿ ಹೆಂಡತಿಗೆ ಹೇಳಿದ, "ನಿನ್ನ ಫ್ರೆಂಡ್ ಭಾರಿ ಗಟ್ಟಿಗಿತ್ತಿ ಬಿಡು. ಇನ್ನೇನು ಡಾಕ್ಟರ್ ಆಗ್ತಾಳೆ. ನೀನೂ ಓದು ಬಿಡಬಾರ್ದಿತ್ತು ಕಣೇ." ಹೇಳಿ, ಸಾರಿಗೆ ತಟ್ಟೆ ಮುಂದೆ ಮಾಡಿದ. ಬಿಡಿಸಿದವರು ಯಾರು ಎಂಬುದು ಅವನಿಗೆ ನೆನಪಿದ್ದಂತೆ ಕಾಣಲಿಲ್ಲ.

ಅವನು ಕೈತೊಳೆದು ಹೊರಟ ಮೇಲೆ ಶ್ಯಾಮಲಾ ಬಾಟಲಿ ಹಿಡಿದು ಏಣಿ ಹತ್ತಿದಳು. ಮೇಲೆ ಶೀಟಿನ ಸೂರಿಗೆ ತಾಗಿಕೊಂಡಂತೆ ಕೊಬ್ಬರಿಗೆಂದು ಕಾಯಿ ಒಣಹಾಕಿದ ಅಟ್ಟ. ಮಧ್ಯಾಹ್ನದಲ್ಲಿ ಅಲ್ಲಿ ಉಸಿರಾಡುವುದೇ ಕಷ್ಟ. ಕಾಯಿಗಳ ನಡುವೆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದಳು. ಇಳಿದು ಬಂದು ಬಟ್ಟೆ ಒಗೆದಳು, ಒಗೆದದ್ದನ್ನೇ ಮತ್ತೆ ಒಗೆದಳು. ತೆಗೆದುಬಿಡೋಣ ಎಂದು ಏಣಿಯ ತನಕ ಹೋದಾಗೆಲ್ಲ "ನನ್ನ ವೈ" ಎಂಬ ಆ ದನಿ ಕಿವಿಯಲ್ಲಿ ಚಪ್ಪಾಳೆ ತಟ್ಟುತ್ತಿತ್ತು. ಹೊತ್ತು ಇಳಿದ ಮೇಲೆ ತೆಗೆದು ಮತ್ತೆ ಗಡಿಗೆಯ ಪಕ್ಕ ಇಟ್ಟಳು. ನೊಣಗಳು ಓಡಾಡುತ್ತಿದ್ದವು. ಏನೂ ಆಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆಗಿರಲಿ ಎಂದೂ ಅನ್ನಿಸಿತು.

ಅರಸೀಕೆರೆ ಸ್ಟೇಷನ್ನಿನಲ್ಲಿ ದ್ರಾಕ್ಷಾಯಣಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಎಷ್ಟು ಚುರುಕಾಗಿವೆ! ನಿನ್ನ ಋಣ ಹೇಗೆ ತೀರಿಸ್ಲಿ ಹೇಳು?" ರೈಲು ಕೂಗಿತು. ಶ್ಯಾಮಲಾ ಹೇಳಿಬಿಡಬೇಕೆಂದು ಬಾಯಿ ತೆರೆದಳು. "ಕುಡಿಯೋಕೆ ನೀರು ಇಟ್ಕೊಂಡಿದ್ದೀಯ?" ಎಂದು ಕೇಳಿದಳು.

ಜೂನ್ ಮೊದಲ ವಾರ ಫೋನ್ ಬಂತು.

"ಒಂದು ಮರೀನೂ ಆಗ್ಲಿಲ್ಲ ಕಣೇ," ದ್ರಾಕ್ಷಾಯಣಿಯ ದನಿ ಒಡೆದಿತ್ತು. "ಹೆಣ್ಣುಗಳನ್ನ ಬದಲಾಯಿಸಿ ನೋಡ್ದೆ, ಏನೇನೋ ಮಾಡ್ದೆ. ಎಲ್ಲಾ ಸತ್ತುಹೋದ್ವು. ರೈಲಲ್ಲಿ ಕಿಟಕಿ ಪಕ್ಕ ಬಿಸಿಲಿತ್ತು, ನಾನೇ ಎಡವಟ್ಟು ಮಾಡ್ದೆ ಅನ್ಸುತ್ತೆ. ಮತ್ತೆ ಹುಡುಕೋಣ ಅಂದ್ರೆ ಫೆಲೋಶಿಪ್ಪೇ ಮುಗೀತು."

"ಹಾಗಲ್ಲ ದ್ರಾಕ್ಷಾ..."

"ಹಾಗೇ ಕಣೇ. ಸರ್ ಎಲ್ಲರ ಮುಂದೆ ಅಂದ್ರು, ಶ್ಯಾಮಲಾ ಆಗಿದ್ರೆ ಇದನ್ನ ಉಳಿಸ್ಕೊಂಡಿರೋಳು ಅಂತ. ನನಗೇನೂ ಬೇಜಾರಾಗ್ಲಿಲ್ಲ. ನಿಜ ತಾನೆ?"

ಈ ಒಂದು ಮಾತಿಗಾಗಿ ಶ್ಯಾಮಲಾ ಇಷ್ಟು ವರ್ಷ ಒಳಗೊಳಗೇ ಕುದ್ದಿದ್ದಳು. ಫೋನ್ ಇಟ್ಟಳು. ಬಂದು, ನುಗ್ಗೆಸೊಪ್ಪು ಬಿಡಿಸುತ್ತಿದ್ದ ಅತ್ತೆಯ ಎದುರಿಗೆ ಕೂತಳು.

"ಮೈಸೂರು ಹುಡುಗಿಯಾ? ಏನಂತೆ?"

"ನನ್ನ ಹೊಗಳಿದ್ಲು ಅತ್ತೆ."

"ಅದಕ್ಯಾಕವ್ವಾ ಮುಖ ಹಿಂಗ್ ಮಾಡ್ಕೊಂಡಿದ್ದೀ?"

ಶ್ಯಾಮಲಾ ಸೊಪ್ಪು ಬಿಡಿಸತೊಡಗಿದಳು. ಎಲೆಯನ್ನು ಕಸಕ್ಕೆ ಹಾಕಿ, ಕಡ್ಡಿಯನ್ನು ಪಾತ್ರೆಗೆ ಹಾಕುತ್ತಿದ್ದಳು. ಕೆಂಪಲಕ್ಷ್ಮಮ್ಮ ಅದನ್ನು ನೋಡಿ, ಪಾತ್ರೆಯಿಂದ ಕಡ್ಡಿಗಳನ್ನು ಒಂದೊಂದಾಗಿ ಆರಿಸತೊಡಗಿದರು.