ವಾರಿಜಕ್ಕ ಕುರ್ಚಿ ಬಿಟ್ಟೆದ್ದದ್ದು

ದೀಪಾವಳಿ ಕಳೆದು ಹನ್ನೊಂದನೇ ದಿನ, ಕಾರ್ತಿಕದ ಏಕಾದಶಿ. ಬೆಳಗಿನ ಆರು ಗಂಟೆ. ಚಳಿ ಆಗಷ್ಟೇ ಮುಖ ತೋರಿಸಿತ್ತು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಪಕ್ಕದ ಕಟ್ಟಡಗಳಲ್ಲಿ ಇರುವವರಿಗೆ ಆ ಹೊತ್ತು ಗೊತ್ತು. ಕಾರ್ಖಾನೆಗಳ ಘಾಟು ಇನ್ನೂ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಕಿಟಕಿ ತೆರೆದರೆ ಗಂಟಲು ಕೆರೆಯುತ್ತದೆ.

ಅಂಥ ಹೊತ್ತಿನಲ್ಲಿ ವಾರಿಜಕ್ಕ ವಿಠಲನ ಗುಡಿಗೆಂದು ಹೊರಟರು. ಉಡುಪಿಯಿಂದ ಮದುವೆಯಾಗಿ ಬಂದು ಮೂವತ್ತೆಂಟು ವರ್ಷ, ದಮ್ಮು ಅಂಟಿಕೊಂಡು ಒಂಬತ್ತು ವರ್ಷ. ಬೀದಿಯ ತಿರುವು ಮುಟ್ಟಲಿಲ್ಲ, ಎದೆಯಲ್ಲಿ ಸುಂಯ್ ಎಂದು ಸೀಟಿ ಎದ್ದಿತು. ಮಾತು ಹೊರಡಲಿಲ್ಲ. ಹಾಲಿನವನು ಕೈಹಿಡಿದು ರಿಕ್ಷಾ ಹತ್ತಿಸಿದ. ಎರಡು ದಿನ ಆಸ್ಪತ್ರೆ.

ಮನೆಗೆ ಬಂದ ದಿನವೇ ಗಂಡ ಪುಂಡರೀಕಾಕ್ಷ ರಾಯರು ತೀರ್ಪು ಕೊಟ್ಟರು. ಸ್ಟೇಷನ್ ಹತ್ತಿರದ ವೆಜ್ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಅಭ್ಯಾಸವಾದವರು, ಅವರ ಮಾತೇ ಕಡೆಯ ಮಾತು.

"ಇನ್ನು ನಡೆಯುವುದು ಗಿಡೆಯುವುದು ಬಂದ್. ನಡೆದದ್ದಕ್ಕೇ ಹೀಗಾದದ್ದು."

"ಡಾಕ್ಟರು ಹದಿನೈದು ದಿನ ಬಿಟ್ಟು ಬನ್ನಿ, ನೋಡಿ ಮೆಲ್ಲ ನಡೆಯಲಿಕ್ಕೆ ಶುರು ಮಾಡುವ ಅಂದಿದ್ದಾರಲ್ಲ?"

"ಡಾಕ್ಟರಿಗೆಂತ? ಬಿದ್ದರೆ ಎತ್ತುವವನು ನಾನು."

ಅಂದಿನಿಂದ ಮನೆಯಲ್ಲಿ ಕುರ್ಚಿಗಳದ್ದೇ ರಾಜ್ಯ. ಬಾಲ್ಕನಿಯಲ್ಲಿ ಒಂದು, ಒಲೆಯ ಮುಂದೆ ಒಂದು, ಬಚ್ಚಲಲ್ಲಿ ಒಂದು ಸ್ಟೂಲು. ಒಂದು ತಿಂಗಳಲ್ಲಿ ವಾರಿಜಕ್ಕನ ಕಾಲು ಸಪೂರವಾಯಿತು. ಒಂದೂವರೆ ತಿಂಗಳಾಗುವಾಗ ಜಡೆ ಹಾಕಿಕೊಂಡರೂ ಏದುಸಿರು. ಕೂತಷ್ಟೂ ಉಸಿರು ಸಣ್ಣದಾಗುತ್ತಿತ್ತು. ರಾಯರಿಗೆ ಅದು ಕಾಣಲಿಲ್ಲ.

ನವಿ ಮುಂಬೈಯ ಸಾನಪಾಡಾದಿಂದ ಮಗ ಸಾತ್ವಿಕನ ಫೋನು ಬಂತು.

"ಅಮ್ಮ, ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ಅಲ್ಲಿ ಇರಬೇಡ. ಶಿವರಾತ್ರಿ ಆದ ಮೇಲಿನ ಶನಿವಾರ ಬಂದು ಇಲ್ಲಿಗೇ ಕರ್ಕೊಂಡು ಬರ್ತೇನೆ. ನಿಂಗೆ ಒಂದು ರೂಮು ಖಾಲಿ ಮಾಡಿದ್ದೇವೆ."

"ಅಲ್ಲಿ ಬಂದು ಎಂತ ಮಾಡುವುದು?"

"ಎಂತ ಮಾಡಬೇಡ. ಆರಾಮ ಕೂತ್ಕೋ."

"ನನ್ನ ಮನೆ? ನನ್ನ ಭಜನೆಯ ಹೆಂಗಸರು?"

"ಫೋನ್ ಉಂಟಲ್ಲ."

"ಮೂಟೆ ಕಟ್ಟಿ ಸಾಗಿಸ್ಲಿಕ್ಕೆ ನಾನೆಂತ ನಿನ್ನ ಅಪ್ಪನ ಹೋಟೆಲಿನ ಅಕ್ಕಿಯಾ?" ಎಂದು ವಾರಿಜಕ್ಕ ಫೋನು ಇಟ್ಟರು. ಆದರೆ ಒಳಗೆ ಹೆದರಿಕೆ ಹೊಕ್ಕಿತ್ತು. ಒಮ್ಮೆ ಆ ರೂಮಿಗೆ ಹೋಗಿ ಕೂತರೆ ಮತ್ತೆ ಏಳುವುದಿಲ್ಲ ಎಂದು ಅವರಿಗೆ ಖಾತ್ರಿಯಿತ್ತು.

ಮರುದಿನ ರಾಯರು ಹೋಟೆಲಿಗೆ ಹೋದದ್ದೇ ತಡ, ವಾರಿಜಕ್ಕ ಚಪ್ಪಲಿ ಮೆಟ್ಟಿದರು. ಒಂದು ಮಾಳಿಗೆ ಇಳಿಯುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂರಬೇಕಾಯಿತು. ಅಷ್ಟು ಹೊತ್ತಿಗೆ ಮೊದಲನೇ ಮಾಳಿಗೆಯ ಮಾನಸಿ ಮೇಲೆ ಬಂದಳು. ಕುಂದಾಪುರದವರ ಮಗಳು, ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯ ಕೆಲಸ. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ತಿಳಿಯುತ್ತದೆ, ಬಾಯಿಗೆ ಮೊದಲು ಬರುವುದು ಹಿಂದಿ. ವಾರಿಜಕ್ಕನನ್ನು ಕರೆಯುವುದು ಮಾತ್ರ ಮರಾಠಿಯವರ ಹಾಗೆ, ಕಾಕು ಎಂದು.

"ಅರೇ ಕಾಕು, ಕ್ಯಾ ಹುವಾ?"

"ಓಡಿ ಹೋಗ್ತಾ ಇದ್ದೇನೆ. ಯಾರಿಗೂ ಹೇಳ್ಬೇಡ."

ಮಾನಸಿ ನಗಲಿಲ್ಲ. ಪಕ್ಕದಲ್ಲಿ ಕೂತಳು. "ಕಾಕು, ತುಟಿ ಸೀಟಿ ಹೊಡೆಯುವ ಹಾಗೆ ಮಾಡಿ. ಮೂಗಿನಿಂದ ಒಳಗೆ, ಬಾಯಿಂದ ಹೊರಗೆ. ಬಿಸಿ ಕಾಫಿ ಊದಿದ ಹಾಗೆ, ಆರಾಮ್ ಸೇ." ಉಸಿರು ಹಿಡಿತಕ್ಕೆ ಬಂತು. "ಈಗ ಹೇಳಿ, ಉಸಿರು ಕಟ್ಟಿದಾಗ ಎಳೆಯುವ ನೀಲಿ ಪಂಪು ಎಲ್ಲಿ?"

"ಮೇಲೆ. ಕಪಾಟಿನಲ್ಲಿ."

"ಬೀದಿಯಲ್ಲಿ ಉಸಿರು ಕಟ್ಟಿದ್ರೆ ಕಪಾಟು ಇಳಿದು ಬರ್ತದಾ? ನಡೆಯುವುದು ಸರಿ ಕಾಕು, ಹೀಗೆ ನಡೆಯುವುದು ಸರಿಯಲ್ಲ. ಮೊದಲು ಡಾಕ್ಟರ್. ಆಮೇಲೆ ನಾನು."

ಸಂಜೆ ಅವಳೇ ಬಂದು ರಾಯರ ಮುಂದೆ ಮಾತು ತೆಗೆದಳು. ರಾಯರು ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತಂದು ಮೇಜಿನ ಮೇಲೆ ಹಾಕಿದರು.

"ನೋಡು ಮಾರಾಯ್ತಿ. ಆಷಾಢದಿಂದ ಇವಳಿಗೆ ಜೋರಾದ ದಿನಕ್ಕೆಲ್ಲ ನಾನೇ ಕೆಂಪು ಸುತ್ತು ಹಾಕಿಟ್ಟಿದ್ದೇನೆ. ಎಲ್ಲ ಗುಡಿಗೆ ನಡೆದು ಹೋದ ದಿನ!"

ಮಾನಸಿ ಹಾಳೆ ತಿರುವುತ್ತ ಹೋದಳು. ಒಂದು, ಎರಡು, ಐದು ಸುತ್ತು. ಕಡೆಯ ಎರಡರ ಮೇಲೆ ಬೆರಳಿಟ್ಟಳು.

"ಕಾಕಾ, ಈ ಎರಡು ದಿನ ಕಾಕು ಎಲ್ಲಿಗೆ ನಡೆದದ್ದು?"

ರಾಯರು ಕನ್ನಡಕ ಸರಿಮಾಡಿಕೊಂಡರು. "ಅದು... ಎಲ್ಲಿಗೂ ಇಲ್ಲ. ಕುರ್ಚಿಯಲ್ಲೇ ಇದ್ದಳು."

"ಐದೂ ದಿನ ಏಕಾದಶಿ, ಕಾಕಾ. ಇಲ್ಲೇ ಪ್ರಿಂಟ್ ಉಂಟು."

ಮಾನಸಿ ವಾರಿಜಕ್ಕನ ಕಡೆ ತಿರುಗಿದಳು. ವಾರಿಜಕ್ಕ ಸೆರಗಿನ ತುದಿ ನೋಡುತ್ತ ಕೂತಿದ್ದರು.

"ಕಾಕು, ದಿನಾ ಎರಡು ಹೊತ್ತು ತಗೊಳ್ಳುವ ಪಂಪು ಏಕಾದಶಿಗೆ ತಗೊಳ್ತೀರಾ?"

"ಇಲ್ಲ. ದಶಮಿ ರಾತ್ರಿಯಿಂದ ಬಿಡ್ತೇನೆ. ದ್ವಾದಶಿ ಪಾರಣೆ ಆದ ಮೇಲೆ ಮತ್ತೆ."

"ಕ್ಯೋಂ?"

"ಅದು ತಗೊಂಡ ಮೇಲೆ ಬಾಯಿ ಮುಕ್ಕಳಿಸ್ಬೇಕು ಅಂದಿದ್ದಾರೆ ಡಾಕ್ಟರು. ನನ್ನದು ನೀರೂ ಮುಟ್ಟದ ಉಪವಾಸ. ಬಾಯಿಗೆ ನೀರು ಹಾಕಿದ್ರೆ ಆಯ್ತಾ?"

"ನೀಲಿ ಪಂಪು?"

"ಅದೂ ಬಾಯಿಗೇ ಅಲ್ವಾ ಹೋಗುವುದು?"

ಮಾನಸಿ ಕೇಳಿದಳು: "ಏಕಾದಶಿ ದಿವಸ ಹಲ್ಲು ಉಜ್ಜುವುದಿಲ್ವಾ ಕಾಕು?"

"ಥೂ! ಉಜ್ಜದೆ ದೇವರ ಮುಂದೆ ನಿಲ್ಲುವುದುಂಟಾ?"

"ಮತ್ತೆ ಆ ನೀರು? ನುಂಗ್ತೀರಾ?"

"ಉಗುಳ್ತೇನೆ."

"ಇದನ್ನೂ ಉಗುಳಿ."

ರಾಯರು ಜೋರಾಗಿ ನಕ್ಕುಬಿಟ್ಟರು. ಆಮೇಲೆ ನಗು ಒಮ್ಮೆಲೇ ನಿಂತಿತು. ಐದು ಸುತ್ತು ಹಾಕಿದವರು ತಾನೇ, ಒಂದು ಸಲವೂ ಮೇಲಿನ ತಿಥಿ ಓದಲಿಲ್ಲವಲ್ಲ ಎಂದು ಹೊಳೆದಿರಬೇಕು. ದಶಮಿ ರಾತ್ರಿಯಿಂದ ಮದ್ದು ಇಲ್ಲ, ಗಂಟಲಿಗೆ ನೀರಿಲ್ಲ, ಅದರ ಮೇಲೆ ಬೆಳಗಿನ ಘಾಟು. ತಪ್ಪು ಹೊರಿಸಿದ್ದು ಮಾತ್ರ ಕಾಲಿನ ಮೇಲೆ.

ಮರುದಿನ ಗುಡಿಯ ಭಟ್ಟರನ್ನೂ ಕೇಳಿ ಬಂದರು. "ಔಷಧಕ್ಕೆ ವ್ರತ ಅಡ್ಡ ಬರುವುದಿಲ್ಲ ರಾಯರೇ. ದಮ್ಮಿನವರು ನೀರನ್ನೂ ಬಿಡಬೇಕಿಲ್ಲ, ದೇವರಿಗೆ ಅಷ್ಟು ತಿಳಿಯುತ್ತದೆ" ಎಂದರಂತೆ ಅವರು.

ಡಾಕ್ಟರು ವಾರಿಜಕ್ಕನಿಂದ ಕೊಳವೆಯಲ್ಲಿ ಜೋರಾಗಿ ಊದಿಸಿ ಉಸಿರಿನ ಬಲ ಅಳೆದರು, ಹೃದಯ ನೋಡಿದರು, ಪಂಪು ಹಿಡಿಯುವ ಕ್ರಮ ತಿದ್ದಿದರು. ನಡೆಯುವುದಕ್ಕೆ ಕಾಲು ಗಂಟೆ ಮೊದಲು ನೀಲಿ ಪಂಪು ಎಳೆಯಿರಿ, ಜೊತೆಗೂ ಇಟ್ಟುಕೊಳ್ಳಿ ಎಂದು ಬರೆದುಕೊಟ್ಟರು. ನಡೆಯಬಹುದಾ ಎಂದು ಕೇಳಿದ್ದಕ್ಕೆ, "ನಡೆಯಲೇಬೇಕು" ಎಂದರು.

ಶುರುವಾದದ್ದು ಐದು ನಿಮಿಷದಿಂದ. ಅದೂ ಬೆಳಗಿನ ಆರಕ್ಕಲ್ಲ, ಬಿಸಿಲು ಬಿದ್ದು ಘಾಟು ಆರಿದ ಮೇಲೆ, ಒಂಬತ್ತೂವರೆಗೆ. ಮೊದಲು ಭುಜ ತಿರುಗಿಸುವುದು, ನಿಂತಲ್ಲೇ ಮೆಲ್ಲಗೆ ಹೆಜ್ಜೆ. ಮುಗಿಸುವಾಗಲೂ ಗಕ್ಕನೆ ನಿಲ್ಲುವಂತಿಲ್ಲ, ನಿಧಾನ ಮಾಡುತ್ತ ಬರಬೇಕು.

"ಎಷ್ಟು ಜೋರು ನಡೆಯಬೇಕು ಮಾನಸಿ?"

"ನಡೆಯುವಾಗ ಮಾತಾಡ್ಲಿಕ್ಕೆ ಆಗ್ಬೇಕು, ಭಜನೆ ಹಾಡ್ಲಿಕ್ಕೆ ಆಗ್ಬಾರದು. ಹಾಡ್ಲಿಕ್ಕೆ ಆದ್ರೆ ಇನ್ನೂ ಸ್ವಲ್ಪ ಜೋರು ನಡೀಬಹುದು. ಮಾತು ಅರ್ಧಕ್ಕೆ ನಿಂತ್ರೆ ನೀವೂ ನಿಲ್ಲಿ."

ರಾಯರು ಮೊದಲ ವಾರ ಗೇಟಿನಲ್ಲಿ ನಿಂತೇ ಕುಟುಕುತ್ತಿದ್ದರು. "ಒಲಿಂಪಿಕ್ಸಿಗೆ ಹೆಸರು ಕೊಟ್ಟಾಯ್ತಾ?"

"ಕೊಟ್ಟಾಗಿದೆ. ನೀರಿನ ಬಾಟ್ಲಿ ಹಿಡಿಯುವವರು ಬೇಕಂತೆ, ಬರ್ತೀರಾ?"

ಎರಡನೇ ವಾರ ಬಾಟ್ಲಿ ಹಿಡಿದು ಹಿಂದೆ ಬಂದರು.

ವಾರಕ್ಕೆ ಎರಡೋ ಮೂರೋ ನಿಮಿಷ ಏರಿತು. ನಡುವೆ ಶೀತ, ಜ್ವರ. ವಾರಿಜಕ್ಕನಿಗೆ ಹಠ, "ಇವತ್ತೂ ಹೋಗ್ತೇನೆ" ಎಂದರು. ಮಾನಸಿ ಬಾಗಿಲಿಗೆ ಅಡ್ಡ ನಿಂತಳು. "ಹಠ ಇರಲಿ ಕಾಕು, ಮೂರ್ಖತನ ಬೇಡ. ಜ್ವರ ಬಿಡಲಿ, ಡಾಕ್ಟರಿಗೆ ತೋರಿಸುವ. ಆಮೇಲೆ ಹದಿನೈದರಿಂದ ಅಲ್ಲ, ಪುನಃ ಐದರಿಂದ." ಘಾಟು ಚದುರದ ದಿನ ಹೊರಗೆ ಕಾಲಿಡುವಂತಿಲ್ಲ, ಕಿಟಕಿ ಮುಚ್ಚಿ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ನಡಿಗೆ. ವಾರಿಜಕ್ಕ ಹಲ್ಲು ಕಚ್ಚಿ ಅವಳ ಮಾತು ಕೇಳಿದರು. ಕೂತು ಕೆಟ್ಟವರು ಅವರು. ಕಾದು ಕೆಡುವುದಿಲ್ಲ ಎಂದು ತಿಳಿದಿತ್ತು.

ಜ್ವರ ಬಿಟ್ಟು ಮತ್ತೆ ಐದರಿಂದ ಏರುತ್ತಿರುವಾಗ ಮಾಘದ ಏಕಾದಶಿ ಬಂತು. ವಾರಿಜಕ್ಕ ಪಂಪು ಎಳೆದರು, ಮುಕ್ಕಳಿಸಿ ಉಗುಳಿದರು, ದೇವರಿಗೆ ಕೈ ಮುಗಿದು ಎರಡು ಗುಟುಕು ನೀರು ಕುಡಿದರು. ಹತ್ತು ನಿಮಿಷ ನಡೆದು ಬಂದರು. ರಾಯರು ಆ ದಿನ ಹೋಟೆಲಿಗೆ ಹೋಗಲಿಲ್ಲ. ಕೆಂಪು ಪೆನ್ನು ಜೇಬಿನಲ್ಲಿಟ್ಟುಕೊಂಡು ಸಂಜೆಯವರೆಗೆ ಹೆಂಡತಿಯ ಎದೆಗೇ ಕಿವಿ ಕೊಟ್ಟು ಕೂತರು. ಸೀಟಿ ಏಳಲಿಲ್ಲ. ದ್ವಾದಶಿಯೂ ಕಳೆಯಿತು. ಪೆನ್ನಿಗೆ ಕೆಲಸ ಬೀಳಲಿಲ್ಲ.

"ನಿನ್ನನ್ನು ಕೂರಿಸಿ ಹಾಳು ಮಾಡಿದ್ದು ನಾನೇ ವಾರಿಜಾ" ಎಂದರು.

"ಗೊತ್ತಾಯ್ತಲ್ಲ. ಆ ಒಲೆಯ ಮುಂದಿನ ಕುರ್ಚಿ ತೆಗೀರಿ, ಕಾಲಿಗೆ ಅಡ್ಡ ಬರ್ತದೆ."

ಶಿವರಾತ್ರಿ ಕಳೆಯಿತು. ಆ ಶನಿವಾರ ಬೆಳಿಗ್ಗೆ ಸಾತ್ವಿಕ ಬಂದಾಗ ಮನೆಗೆ ಬೀಗ. ಗಾಬರಿಯಾಗಿ ಫೋನು ಹಚ್ಚುವಷ್ಟರಲ್ಲಿ ಅಪ್ಪ ಅಮ್ಮ ಗೇಟು ದಾಟಿ ಬಂದರು. ಇಪ್ಪತ್ತು ನಿಮಿಷದ ನಡಿಗೆ ಮುಗಿದಿತ್ತು. ಮುಂದೆ ಮೂರು ಮಾಳಿಗೆಯ ಮೆಟ್ಟಿಲು. ಮಗ ಕೈ ಹಿಡಿಯಲು ಇಳಿದು ಬಂದ. ವಾರಿಜಕ್ಕ ಕೈ ಕೊಡವಿದರು. ಒಂದು ಮಾಳಿಗೆ ಹತ್ತಿದರು, ನಿಂತರು, ತುಟಿ ಸಣ್ಣ ಮಾಡಿ ಉಸಿರು ಬಿಟ್ಟರು. ಎರಡನೆಯದು ಹತ್ತಿದರು, ನಿಂತರು. ಮೂರನೆಯದು ಹತ್ತಿ ಬೀಗಕ್ಕೆ ಕೀಲಿ ಹಾಕಿದರು.

"ಎರಡು ಸಲ ನಿಂತೆಯಲ್ಲಮ್ಮ. ಅದಕ್ಕೇ ನಾನು ಹೇಳುವುದು."

"ಸ್ಲೋ ಲೋಕಲ್ ರೈಲೂ ಎಲ್ಲ ಸ್ಟೇಷನ್ನಿನಲ್ಲಿ ನಿಲ್ತದೆ ಮಗಾ. ಕಲ್ಯಾಣ ಮುಟ್ಟುವುದಿಲ್ವಾ?"

ಸಾತ್ವಿಕ ಅಪ್ಪನ ಮುಖ ನೋಡಿದ. ಅಪ್ಪ ತನ್ನ ಪರ ಮಾತಾಡುತ್ತಾರೆ ಎಂದುಕೊಂಡಿದ್ದ. ರಾಯರು ಜೇಬಿನಿಂದ ನೀಲಿ ಪಂಪು ತೆಗೆದು ಮೇಜಿನ ಮೇಲಿಟ್ಟರು. "ಆ ರೂಮನ್ನು ಬೇರೆ ಯಾವುದಕ್ಕಾದರೂ ಬಳಸು ಮಗಾ. ನಾಳೆ ಒಂಬತ್ತೂವರೆಗೆ ನಮಗೆ ಕೆಲಸ ಉಂಟು."

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ದಮ್ಮಿನವರು ಇರಬಹುದು. ಅವರನ್ನು ಕುರ್ಚಿಗೆ ಕಟ್ಟಿಹಾಕಬೇಡಿ. ಕೂತ ಕಾಲು ಸೋಲುತ್ತದೆ, ಕಾಲು ಸೋತರೆ ಉಸಿರೂ ಸೋಲುತ್ತದೆ. ಡಾಕ್ಟರನ್ನು ಕೇಳಿ, ಆಮೇಲೆ ಶುರು ಮಾಡಿ. ದಿನದ ಮದ್ದನ್ನು ಹಬ್ಬ, ಉಪವಾಸ, ಪ್ರಯಾಣ ಎಂದು ಒಂದು ಹೊತ್ತೂ ತಪ್ಪಿಸಬೇಡಿ. ಗಾಳಿ ಕೆಟ್ಟ ದಿನ ಮನೆಯೊಳಗೇ ನಡೆಯಿರಿ. ಎದೆ ನೋವು ಬಂದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ. ನಿಂತ ಮೇಲೂ ನೋವು ಬಿಡದಿದ್ದರೆ ತಡ ಮಾಡದೆ 108ಕ್ಕೆ ಕರೆ ಮಾಡಿ. ತುಟಿ ನೀಲಿಯಾದರೆ, ಮಾತು ಹೊರಡದಿದ್ದರೆ, ನೀಲಿ ಪಂಪು ಎಳೆದರೂ ಏದುಸಿರು ಇಳಿಯದಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ. ಮತ್ತೆ "ನಿನ್ನಿಂದ ಆಗುವುದಿಲ್ಲ" ಎಂದು ಯಾರಾದರೂ ಹೇಳಿದರೆ, ಜಗಳ ಆಡಬೇಡಿ. ಐದು ನಿಮಿಷ ನಡೆದು ತೋರಿಸಿ.

ವಾರಿಜಕ್ಕನ ಕೈಯ ಊಟ ಉಂಡು, ಸಂಜೆ ನಾಲ್ಕಕ್ಕೆ ಸಾನಪಾಡಾಕ್ಕೆ ಹೊರಟದ್ದು ಸಾತ್ವಿಕ ಒಬ್ಬನೇ. ಅಮ್ಮನನ್ನು ಕರೆದೊಯ್ಯುತ್ತೇನೆ ಎಂದಿದ್ದ ಶನಿವಾರವೇ ಅದು.