ವಿರುಪಾಕ್ಷೆಯ ಲಗ್ನಪತ್ರಿಕೆ

ಕುಷ್ಟಗಿ ಬಸ್ ಸ್ಟ್ಯಾಂಡ್ ಹಿಂದ ಡಿಟಿಪಿ ಅಂಗಡಿ ಇಟ್ಟಿದ್ದ ವಿರುಪಾಕ್ಷಿಗೆ ಎರಡು ಚಟ ಇದ್ವು. ಒಂದು, ಕಂಪ್ಯೂಟರಿಗೆ ತಾನಾಗೇ ಕೆಲಸ ಮಾಡಾಕ ಕಲಸೂದು. ಇನ್ನೊಂದು, ಮಂದಿ ಮಾತು ತಿದ್ದೂದು. ಈ ಎರಡನೇ ಚಟ ಆತಗ ಭಾಳ ತುಟ್ಟಿ ಬಿದ್ದಿತ್ತು.

ಕನ್ಯಾ ನೋಡಾಕ ಹೋದಲ್ಲೆಲ್ಲ ಅದೇ ಹಣೇಬಾರ. ಯಲಬುರ್ಗಾದಾಗ ಒಬ್ಬಾಕಿ ಟ್ರೇ ಹಿಡಕೊಂಡು ಬಂದು ಚಾ ತಗೊಳ್ರಿ ಅಂದ್ಲು. ಈ ಮಹರಾಯ, ಚಾ ಅಲ್ಲ, ಚಹಾ ಅನ್ನಬೇಕು ಅಂದ. ಟ್ರೇ ಸಮೇತ ಒಳಗ ಹೋದಾಕಿ ಮತ್ತ ಹೊರಗ ಬರಲೇ ಇಲ್ಲ. ಕೊಪ್ಪಳದ ಕನ್ಯಾದ ಅಪ್ಪ, ನಮಗ ಅಳಿಯ ಬೇಕಾಗ್ಯಾನ, ಮಾಸ್ತರ ಅಲ್ಲ ಅಂತ ಹೇಳಿ ಕಳಿಸಿದ. ನೆತ್ತಿಮ್ಯಾಲಿನ ಕೂದಲ ಒಂದೊಂದೇ ಕೈ ಕೊಡಾಕ ಹತ್ತಿದ್ವು. ಆತನ ಅವ್ವ ಶಂಕ್ರಮ್ಮ ಹುಲಿಗೆಮ್ಮಗ ಹರಕಿ ಹೊತ್ತು ಹೊತ್ತು ಸಾಕಾಗಿದ್ಲು.

ಆದ್ರ ಆತನ ಕಂಪ್ಯೂಟರ್ ಮಾತ್ರ ನೋಡೂ ಹಂಗಿತ್ತು ಬಿಡ್ರಿ. ಚಾಲೂ ಮಾಡಿದ್ರ ಸಾಕು, ಬೇಕಾದ ಫೈಲೆಲ್ಲ ತಾವೇ ತೆರಕೋತಿದ್ವು. ಮುಂಜಾನೆ ಪರದೆ ಮ್ಯಾಲೆ ತುಂಗಭದ್ರಾ ಹೊಳಿ ಚಿತ್ರ, ಸಂಜೀಕ ತಾನೇ ಬದಲಾಗಿ ಆನೆಗೊಂದಿ ಗುಡ್ಡ. ‘ಚಿಸೌ’ ಅಂತ ಹೊಡದ್ರ ‘ಚಿರಂಜೀವಿ ಸೌಭಾಗ್ಯವತಿ’ ಅಂತ ಪೂರಾ ಮೂಡತಿತ್ತು. ಎಫ್ ಒಂಬತ್ತು ಒತ್ತಿದ್ರ ತಿದ್ದೂದು, ಉಳಸೂದು, ಪ್ರಿಂಟ್ ಹೊಡಿಯೂದು ಎಲ್ಲಾ ಒಂದೇ ಏಟಿಗೆ. ಮನುಷಾ ತಾನು ಅಂಗಿ ಗುಂಡಿ ಹೆಚ್ಚುಕಡಿಮಿ ಹಾಕ್ಕೊಂಡು ಬರತಿದ್ದ, ಅದು ಬ್ಯಾರೆ ಮಾತು.

ಆ ತಿದ್ದೂ ಕೆಲಸಾನೇ ಆತನ ಹೆಮ್ಮಿ. ಗಿರಾಕಿ ಬರಕೊಂಡು ಬಂದ ‘ಮನಿ’ ಪ್ರಿಂಟಿನ್ಯಾಗ ‘ಮನೆ’ ಆಗಬೇಕು, ‘ಬೆಳಿ’ ‘ಬೆಳೆ’ ಆಗಬೇಕು. ಒಂದೊಂದೇ ಶಬ್ದ ಕಂಪ್ಯೂಟರಿಗೆ ಕಲಿಸಿ ಕಲಿಸಿ ಬ್ಯಾಸರಾಗಿತ್ತು. ನಮ್ಮ ಮಂದಿ ಮಾತಿಗೆ ಕೊನಿ ಎಲ್ಲೈತಿ?

ಹಿಂಗಿರಬೇಕಾದ್ರ ಆನೆಗೊಂದಿ ಯಮನೂರಪ್ಪನ ಮಗಳು ಸಹನಾ ಗೊತ್ತಾದ್ಲು. ಬಾಳಿ ನಾರಿನ ಚೀಲ ಹೆಣಿಯಾಕಿ, ಮಾತಿನ ಮಲ್ಲಿ. ಆಕೀನೂ ಚಾ ಅಂತಾನೇ ಅಂದ್ಲು. ಆದ್ರ ಈ ಸಲ ಶಂಕ್ರಮ್ಮ ಮಗನ ತೊಡಿ ಚಿವುಟಿ ಹಿಡಕೊಂಡೇ ಕುಂತಿದ್ಲು. ವಿರುಪಾಕ್ಷಿ ಕಣ್ಣಾಗ ನೀರು ತುಂಬಕೊಂಡು ಸುಮ್ಮನ ಕುಡದ. ಹುಡುಗಗ ಭಾಳ ಮೆತ್ತನ ಮನಸು ಅಂತ ಸಹನಾ ಒಪ್ಪಿಕೊಂಡ್ಲು.

ತನ್ನ ಲಗ್ನಪತ್ರಿಕೆ ತಾನೇ ಮಾಡಾಕ ಕುಂತ ದಿನ ಆತಗ ಎಲ್ಲಿಲ್ಲದ ಹುರುಪು. ಒಂದೊಂದೇ ಶಬ್ದದ ಉಸಾಬರಿನೇ ಬ್ಯಾಡ ಅಂತ ಹಳೇದೆಲ್ಲ ಅಳಿಸಿ ಒಂದೇ ನಿಯಮ ಕೂಡಿಸಿದ: ಯಾವ ಶಬ್ದದ ಕೊನಿಗೆ ‘ಇ’ ಬಂದ್ರೂ ಅದನ್ನ ‘ಎ’ ಮಾಡು. ಮನಿ, ಬೆಳಿ, ಕತಿ ಹಾಕಿ ನೋಡಿದ. ಮನೆ, ಬೆಳೆ, ಕತೆ ಬಂತು. ತನ್ನ ಬೆನ್ನು ತಾನೇ ಚಪ್ಪರಿಸಿಕೊಂಡ. ಪರದೆ ಮ್ಯಾಲೆ ಪತ್ರಿಕಾ ನಾಕು ಸಲ ಓದಿ, ತಪ್ಪಿಲ್ಲ ಅಂತ ಎಫ್ ಒಂಬತ್ತು ಒತ್ತಿ ಬಟ್ಟಿ ಖರೀದಿಗೆ ಹೋದ. ಕಂಪ್ಯೂಟರ್ ತಿದ್ದಿದ್ದು ಆಮ್ಯಾಲೆ. ಓದು ಬಾರದ ಶಂಕ್ರಮ್ಮ ಕಾರ್ಡಿನ ಮೂಲಿಗೆ ಅರಿಷಿಣ ಹಚ್ಚಿ, ಮೊದಲನೇದು ಹುಲಿಗೆಮ್ಮನ ಪಾದಕ್ಕಿಟ್ಟು, ಬೀಗರ ಪಾಲಿನ ಗಂಟು ಬಸ್ಸಿಗೆ ಹಾಕಿ ಕಳಿಸಿದ್ಲು.

ಎರಡು ದಿನ ಬಿಟ್ಟು ಯಮನೂರಪ್ಪ ಮಗಳನ್ನ ಕರಕೊಂಡು ಅಂಗಡಿಗೇ ಬಂದ. ಕೂಡಂದ್ರ ಕೂಡಲಿಲ್ಲ. ಕಾರ್ಡು ತಗದು ಹಿಡದು, ಸಾಲಿ ಹುಡುಗರಂಗ ಒತ್ತಿ ಒತ್ತಿ ಓದಿದ. ವರನ ಹೆಸರು ‘ಚಿರಂಜೀವೆ ವಿರುಪಾಕ್ಷೆ’. ಗಂಡು ಹೋಗಿ ಹೆಣ್ಣಾಗಿತ್ತು. ಲಗ್ನದ ಊರು ‘ಆನೆಗೊಂದೆ’, ಆನಿಗೆ ಒಂದೇ ಅಂತ ಲೆಕ್ಕ ಒಪ್ಪಿಸಿದಂಗ. ಕೊನಿಗೆ ‘ತಪ್ಪದೆ ಆಗಮಿಸೆ, ವಧೂವರರನ್ನು ಹರಸೆ’. ಊರಿನ ರಿಟೈರ್ಡ್ ಮಾಸ್ತರ ಅದಕ್ಕ ಅರ್ಥಾನೂ ಹೇಳಿದ್ದನಂತ: ಇದು ಹಳೇ ಕಾಲದ ಕನ್ನಡಪ್ಪಾ, ನಾ ಬರೂದಿಲ್ಲ, ನಾ ಹರಸೂದಿಲ್ಲ ಅಂತ ಬರದಾರ ಅಂತ. ನಮ್ಮ ಬಳಗದವರೆಲ್ಲ ಬಿದ್ದು ಬಿದ್ದು ನಗಾಕ ಹತ್ಯಾರ, ಹೆಣ್ಣಿಗೆ ಹೆಣ್ಣು ಕೊಡಾಕ ಹೊಂಟೀಯೇನು ಅಂತ ಕೇಳಾಕ ಹತ್ಯಾರ, ಈ ಸಂಬಂಧ ಇಲ್ಲಿಗೇ ಸಾಕು ಅಂದ ಯಮನೂರಪ್ಪ.

ವಿರುಪಾಕ್ಷಿ ಎದಿ ಧಸಕ್ ಅಂತು. ಹುಲಿಗೆಮ್ಮನ ಪಾದಕ್ಕಿಟ್ಟಿದ್ದೂ ಇದೇ ಕಾರ್ಡು ಅನ್ನೂದು ನೆನಪಾಗಿ ಮತ್ತಷ್ಟು ಬೆವತ. ಕಂಪ್ಯೂಟರಿಂದ ಒಂದು ಸಣ್ಣ ತಪ್ಪು ಆಗೈತಿ ಅಂತ ತೊದಲಿದ. ಹೆಂಗ ಆತು, ತೋರಸ್ರಿ ಅಂದ್ಲು ಸಹನಾ. ಆತ ‘ಮನಿ’ ಹೊಡದ, ಕೀ ಒತ್ತಿದ. ಕಾಗದದ ಮ್ಯಾಲೆ ‘ಮನೆ’ ಬಂತು. ಅಂಥಾ ಗಾಬರ್ಯಾಗೂ ‘ಮನೆ’ ಸರಿ ಬಂತಂತ ಖುಷಿ ಪಡಾವ ಆತ, ಏನ್ ಮಾಡೂದು, ಜಾತಕದಾಗೇ ಬರದೈತಿ.

ಆಕಿ ಆತನ್ನ ಸರಿಸಿ ಖುರ್ಚಿಮ್ಯಾಲೆ ಕುಂತ್ಲು. ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಹೊಡದ್ಲು: ನಾ ಸಹನಾ, ಆನೆಗೊಂದಿ ಹುಡುಗಿ. ಎಫ್ ಒಂಬತ್ತು ಒತ್ತಿದ್ಲು. ಹೊರಗ ಬಂದ ಹಾಳಿ ಓದಿದ್ಲು: ನಾ ಸಹನಾ, ಆನೆಗೊಂದೆ ಹುಡುಗೆ.

ನಗತಾಳೇನೋ ಅಂತ ವಿರುಪಾಕ್ಷಿ ಆಸೆಯಿಂದ ನೋಡಿದ. ಆಕಿ ನಗಲಿಲ್ಲ. ಹಾಳಿ ಆತನ ಕೈಯಾಗಿಟ್ಟು ಮೆತ್ತಗ ಅಂದ್ಲು:

“ಇಷ್ಟು ಸಣ್ಣ ಹಾಳ್ಯಾಗ ನಾ ಇದ್ದಂಗ ಬರಾಕ ಆಗವಲ್ದು. ನಿಮ್ಮ ಮನ್ಯಾಗ ಹೆಂಗ ಇರ್ಲಿ?”

ವಿರುಪಾಕ್ಷಿ ಹಾಳಿ ಮತ್ತೊಮ್ಮೆ ಓದಿದ. ಯಲಬುರ್ಗಾದ ಟ್ರೇ ಕಣ್ಣ ಮುಂದ ಬಂತು. ಈಕೀನ್ನೂ ಕಳಕೋತೀನಿ ಅಂತ ಖರೇನೇ ಅಂಜಿದ. ಬಗ್ಗಿ ಮೌಸ್ ಹಿಡದ. ನಿಯಮ ಅಳಿಸಲಾ ಅಂತ ಕಂಪ್ಯೂಟರ್ ಕೇಳಿತು, ಹೂಂ ಅಂತ ಒತ್ತಿದ. ಖಾತ್ರಿ ಏನು ಅಂತ ಮತ್ತ ಕೇಳಿತು. ಅದಕ್ಕ ಅಷ್ಟು ಅಧಿಕಪ್ರಸಂಗ ಕಲಿಸಿದಾವ ತಾನೇ. ಮತ್ತ ಒತ್ತಿದ. ಆಕಿ ಹೊಡದ ಸಾಲು ಮತ್ತ ಹೊಡದು ಎಫ್ ಒಂಬತ್ತು ಒತ್ತಿದ, ಈ ಸಲ ಅದು ಇದ್ದಂಗ ಹೊರಗ ಬಂತು. ಸಹನಾ ಓದಿ, ಮಡಚಿ, ತನ್ನ ನಾರಿನ ಚೀಲದಾಗ ಇಟಗೊಂಡ್ಲು.

ಯಮನೂರಪ್ಪ ಮಾತ್ರ ಬಾಗಲದಾಗೇ ನಿಂತಿದ್ದ, ಮಾರಿ ಬಿಗದಕೊಂಡು. ವಿರುಪಾಕ್ಷಿ ಖುರ್ಚಿ ಎಳದು ತನ್ನ ಅಂಗಿ ತುದೀಲೇ ಒರಸಿದ. ಬಾಯಿ ತಗದ, ಮುಚ್ಚಿದ, ಮತ್ತ ತಗದ.

“ಕುಂದರ್ರಿ ಮಾವಾರ,” ಅಂದ. “ಚಾ ತರಸ್ತೀನಿ.”