ಕಾಲು ಕರೆಯುತ್ತದೆ

ನೃತ್ಯವನ್ನೇ ವೃತ್ತಿಯಾಗಿಸಿಕೊಂಡವರು ಮೈಯನ್ನು ಇಷ್ಟೊಂದು ತೇಯುವುದೇಕೆಂದು ಅರಿಯಲು ಬಂದ ಮಾನವಶಾಸ್ತ್ರದ ಸಂಶೋಧಕಿಗೆ ನೃತ್ಯತಂಡದವರು ಆಕೆ ಬಂದ ಹೊಸತರಲ್ಲೇ ಹೆಸರಿಟ್ಟುಬಿಟ್ಟಿದ್ದರು: ಯಾಕಮ್ಮ. ಎದುರು ಸಿಕ್ಕವರನ್ನೆಲ್ಲ ಆಕೆ ಕೇಳುತ್ತಿದ್ದುದು ಒಂದೇ, 'ಯಾಕೆ?'

"ಯಾಕಮ್ಮ ಬಂದ್ರು, ಬೆವರು ಒರೆಸ್ಕೊಂಡ್ಬಿಡಿ. ಅದಕ್ಕೂ ಯಾಕೆ ಅಂತಾರೆ!" ಎಂದು ನಗೆಯಾಡುವರು. ಆಕೆಯೂ ನಗುವಳು. ಅವರ ನಡುವೆ ಉಂಡು, ಅವರೊಡನೆ ಅಭ್ಯಾಸದ ನೆಲ ಗುಡಿಸಿ, ತಾನೂ ಅವರಲ್ಲೊಬ್ಬಳಾದೆನೆಂದು ನಂಬಿದ್ದಳು.

ತಂಡದ ಹಿರಿಯ ನರ್ತಕಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಹೊಸ ನೃತ್ಯರೂಪಕದ ಮುಖ್ಯ ಪಾತ್ರ ಅವಳದು. ಆ ವಯಸ್ಸಿಗೆ ಮತ್ತೊಂದು ಒದಗಲಾರದೆಂಬುದು ಗೋಡೆಯ ಕನ್ನಡಿಗೂ ಗೊತ್ತಿತ್ತು. ಬಟ್ಟೆ ಬದಲಿಸುವ ಕೋಣೆಯಲ್ಲಿ, ಮುಲಾಮಿನ ಘಾಟಿನ ನಡುವೆ ಕಣಕಾಲಿಗೆ ಪಟ್ಟಿ ಸುತ್ತುತ್ತಿದ್ದವಳನ್ನು ಯಾಕಮ್ಮ ಕೇಳಿದಳು:

"ನಿನ್ನೆ ತಾನೇ ಅಷ್ಟು ಕುಣಿದ್ರಿ. ಇವತ್ತೂ ಎಲ್ಲರಿಗಿಂತ ಮೊದ್ಲೇ ಬಂದು ಕೂತಿದ್ದೀರಲ್ಲ, ಯಾಕಕ್ಕ?"

"ಮಲಗಿದ್ರೆ ಕಾಲು ಕರೆಯುತ್ತೆ. ರಾತ್ರಿಯೆಲ್ಲಾ ಕರೆಯುತ್ತೆ. ನಿಮ್ಮಲ್ಲೇ ಇರ್ಲಿ, ಯಾಕಮ್ಮ."

ಯಾಕಮ್ಮನಿಗೆ ಮೈ ನವಿರೆದ್ದಿತು. ದೈವದ ಕರೆಗೆ ಓಗೊಟ್ಟು ಮನೆಮಾರು ತೊರೆದ ಭಕ್ತರ ಕುರಿತು ಆಕೆ ಓದಿದ್ದಳು. ಇದೂ ಅಂಥದೇ ಕರೆಯೆಂದು ತೋರಿತು. 'ನಿಮ್ಮಲ್ಲೇ ಇರ್ಲಿ' ಎಂದದ್ದು ಬರಿಯ ವಿನಯವೆಂದು ಬಗೆದಳು.

ಮರುದಿನದ ಬಿಡುವಿನಲ್ಲಿ ನೃತ್ಯ ಕಲಿಸುವ ಮೇಷ್ಟ್ರು ಎಲ್ಲರೆದುರು ಯಾಕಮ್ಮನನ್ನು ಕೆಣಕಿದರು. ಪಾತ್ರ ಕೊಡುವವರೂ ಕಸಿಯುವವರೂ ಅವರೇ. "ಏನ್ ಯಾಕಮ್ಮ, ಸಿಕ್ತಾ ನಿಮ್ಮ 'ಯಾಕೆ'ಗೆ ಉತ್ತರ?"

"ಸಿಕ್ತು ಮೇಷ್ಟ್ರೇ! ಅಕ್ಕನ್ನ ಕೇಳಿ. ರಾತ್ರಿಯೆಲ್ಲಾ ಅವರಿಗೆ ಕಾಲು ಕರೆಯುತ್ತಂತೆ."

ಒಬ್ಬಳ ಕೈಯ ನೀರಿನ ಬಾಟಲಿ ಬಾಯಿಯ ಬಳಿಯೇ ನಿಂತಿತು. ಮೂಳೆ ಬಿರುಕು ಬಿಟ್ಟಿದೆಯೆಂಬ ಮಾತನ್ನು ಆ ತಂಡದಲ್ಲಿ ಯಾರೂ ನೇರವಾಗಿ ಆಡುತ್ತಿರಲಿಲ್ಲ. 'ಕಾಲು ಕರೆಯುತ್ತದೆ' ಎನ್ನುತ್ತಿದ್ದರು. ಇದು ಯಾಕಮ್ಮನಿಗೆ ಹೊಳೆದದ್ದು, ಮೇಷ್ಟ್ರು ಮಂಡಿಯೂರಿ ಅಕ್ಕನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಾಗ, ಅಕ್ಕ ತುಟಿ ಕಚ್ಚಿ ಕಣ್ಣು ಮುಚ್ಚಿದಾಗ.

"ಬಿಟ್ಬಿಡಮ್ಮ," ಎಂದರು ಮೇಷ್ಟ್ರು ಮೆಲ್ಲಗೆ. "ಈ ಕಾಲಲ್ಲಿ ನಿನ್ನನ್ನ ರಂಗ ಹತ್ತಿಸೋಲ್ಲ ನಾನು."

"ಈ ಪ್ರದರ್ಶನ ಒಂದು ಆಗ್ಲಿ ಮೇಷ್ಟ್ರೇ. ಆಮೇಲೆ ಮುರಿದ್ರೆ ಮುರೀಲಿ."

ಅವರು ಆ ಪಾತ್ರಕ್ಕೆ ಕಿರಿಯಳೊಬ್ಬಳತ್ತ ಬೆರಳು ತೋರಿದರು.

ಅಕ್ಕನ ಹಿಂದೆಯೇ ಯಾಕಮ್ಮ ಬಟ್ಟೆ ಬದಲಿಸುವ ಕೋಣೆಗೆ ಓಡಿದಳು. "ನಂಗೆ ಗೊತ್ತಾಗ್ಲಿಲ್ಲ ಅಕ್ಕ..."

"ನಮ್ಮ ಮಾತು ಕಲಿತಿದ್ದೀರಿ ಅಂದ್ಕೊಂಡೆ," ಎಂದಳು ಅಕ್ಕ, ಪಟ್ಟಿ ಬಿಚ್ಚುತ್ತ. ಬೈಗುಳವಾಗಿದ್ದರೆ ಯಾಕಮ್ಮ ತಲೆಬಾಗಿ ಹೊರುತ್ತಿದ್ದಳು.

ಗೋಡೆಯಾಚೆ ತಾಳ ಎದ್ದಿತು, ಅಕ್ಕನ ಪಾತ್ರದ್ದೇ. ಬೆಂಚಿನ ಕೆಳಗೆ ಅವಳ ಬಾತ ಕಾಲಿನ ಬೆರಳುಗಳು ತಾಳಕ್ಕೆ ತಾವಾಗಿಯೇ ಮಿಡಿಯತೊಡಗಿದವು. ನೋವಿಗೆ ಮುಖ ಕಿವುಚಿಕೊಂಡಿತು, ಬೆರಳು ನಿಲ್ಲಲಿಲ್ಲ. ಅವಳು ಎರಡೂ ಕೈಯಿಂದ ಪಾದವನ್ನು ಅದುಮಿ ಹಿಡಿದಳು.

"ಇದನ್ನ ನೋಡ್ಬೇಡಿ," ಎಂದಳು. "ಇದೊಂದು ನನಗಿರ್ಲಿ."

ಯಾಕಮ್ಮ ಗೋಡೆಯ ಕಡೆ ತಿರುಗಿದಳು. ತಾಳ ಮುಗಿಯುವವರೆಗೂ ಹಾಗೆಯೇ ನಿಂತಿದ್ದಳು.